ಕಣ್ಣು ಹೇಳಿದ ಚಾಡಿ

ಡಾಕ್ಟರ ಮುಂದೆ ಕುಳಿತ ಕೂಡಲೇ ನನಗೆ ಎಲ್ಲಿಲ್ಲದ ಸೌಜನ್ಯ ಬಂದುಬಿಡುತ್ತದೆ. ಕೀಲುಗಳ ಬಾವಿನ ಚಿಕಿತ್ಸೆಗಾಗಿ ಆಗಾಗ ಮೈಸೂರಿಗೆ ಹೋಗಿ ದೊಡ್ಡ ಡಾಕ್ಟರನ್ನು ಕಾಣುತ್ತೇನೆ. ಅವರು "ಹೇಗಿದ್ದೀರಿ?" ಎಂದು ಕೇಳುವುದೇ ತಡ, "ಬಹಳ ವಾಸಿ ಸಾರ್" ಎಂದು ನಗುತ್ತೇನೆ. ಅವತ್ತು ಬೆಳಗ್ಗೆಯೇ ಟೂತ್‌ಪೇಸ್ಟಿನ ಮುಚ್ಚಳ ತಿರುಗಿಸಲಾಗದೆ ಬಚ್ಚಲಲ್ಲಿ ನಿಂತು ಬೆರಳುಗಳನ್ನು ಬೈದಿರುತ್ತೇನೆ. ಆದರೆ ಅದನ್ನು ಹೇಳುವುದು ಹೇಗೆ? ನಮ್ಮ ಹುಣಸೂರು ಕಡೆ ಡಾಕ್ಟರಿಗೆ ಓದಿಗಿಂತ ಕೈಗುಣ ಮುಖ್ಯ. ಅಷ್ಟು ದಿನ ಮಾತ್ರೆ ನುಂಗಿ "ಇನ್ನೂ ನೋವಿದೆ" ಅಂದರೆ ಅವರ ಕೈಗುಣವನ್ನೇ ಹಳಿದಂತೆ. ಊಟಕ್ಕೆ ಕರೆದವರ ಮನೆಯಲ್ಲಿ ಕುಳಿತು ಸಾರಿಗೆ ಉಪ್ಪು ಸಾಲದು ಎಂದು ಯಾರಾದರೂ ಹೇಳುತ್ತಾರೆಯೇ? ನಾನಂತೂ ಹೇಳುವವಳಲ್ಲ.

ನನ್ನ ಕಾಯಿಲೆಯ ಹೆಸರು ರುಮಟಾಯ್ಡ್ ಸಂಧಿವಾತ. ವಯಸ್ಸಾಗಿ ಸವೆದ ಮಂಡಿಯ ನೋವಲ್ಲ ಇದು. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ನಮ್ಮದೇ ಕೀಲುಗಳ ಮೇಲೆ ಏರಿಹೋಗುವ ಜಗಳ. ಮನೆ ಕಾಯಲು ಸಾಕಿದ ನಾಯಿ ಮನೆಯವರನ್ನೇ ಕಚ್ಚುತ್ತದಲ್ಲ, ಹಾಗೆ. ನಾನು ಶಾಲಾ ಮಾಸ್ತರಿಣಿ. ಬೋರ್ಡಿನ ಮೇಲೆ ಬರೆಯುವುದು ಕಷ್ಟವಾದಾಗ ಪಾಠವನ್ನೆಲ್ಲ ಬಾಯಿಮಾತಿಗೆ ಇಳಿಸಿಕೊಂಡೆ. ಮಕ್ಕಳಿಗೆ ಬರೆಯುವುದು ತಪ್ಪಿತೆಂದು ಖುಷಿಯೇ ಆಯಿತು.

ಆದರೆ ನಮ್ಮ ಮನೆಯಲ್ಲಿ ನನಗೊಂದು ಸ್ಥಾನವಿರುವುದು ಮಾಸ್ತರಿಣಿ ಎಂದಲ್ಲ, ಹೊಗೆಸೊಪ್ಪು ವಿಂಗಡಿಸುವವಳು ಎಂದು. ಗಾವಡಗೆರೆ ಬಳಿಯ ನಮ್ಮ ಮನೆಯಲ್ಲಿ ಬೆಂಕಿಯ ಕಾವಿನಲ್ಲಿ ಎಲೆ ಒಣಗಿಸುವ ಬ್ಯಾರನ್‌ನಿಂದ ಇಳಿಸಿದ ಸೊಪ್ಪನ್ನು ಹಜಾರದಲ್ಲಿ ಹರಡಿ, ಬಣ್ಣ ನೋಡಿ ಗುಡ್ಡೆ ಮಾಡುತ್ತೇವೆ. ನಿಂಬೆಹಣ್ಣಿನ ಬಣ್ಣದ್ದು ಬ್ರೈಟು, ಅದಕ್ಕಿಂತ ಮಂಕಾದದ್ದು ಮೀಡಿಯಮ್ಮು, ಕಂದಿ ಕಲೆಯಾದದ್ದು ಲೋ ಗ್ರೇಡು. ಬೆರಳು ಸೋತ ಮೇಲೆ ನಾನು ಗೋಡೆಗೊರಗಿ ಕುಳಿತು ಬರೀ ಕಣ್ಣಲ್ಲಿ ತೀರ್ಪು ಕೊಡುತ್ತಿದ್ದೆ. ನನ್ನ ಓರಗಿತ್ತಿ ಜಯಮ್ಮ ಒಂದೊಂದೇ ಎಲೆಯೆತ್ತಿ ನಾನು ಹೇಳಿದ ಗುಡ್ಡೆಗೆ ಹಾಕುತ್ತಿದ್ದಳು. ಕೈ ಹೋದರೂ ಕಣ್ಣಿದೆ ಎಂಬ ಸಮಾಧಾನದಲ್ಲಿ ಬದುಕಿದ್ದೆ ಎಂದರೆ ನಾಟಕೀಯವಾಗಿ ಕೇಳಿಸಬಹುದು. ನಿಜ ಮಾತ್ರ ಅದೇ.

ಆದ್ದರಿಂದಲೇ ಮೈಸೂರಿನ ಡಾಕ್ಟರು, "ಈ ಮಾತ್ರೆ ಅಪರೂಪಕ್ಕೆ ಕಣ್ಣಿಗೆ ತೊಂದರೆ ಕೊಡುತ್ತೆ, ಒಮ್ಮೆ ಪರೀಕ್ಷೆ ಮಾಡಿಸಿ" ಎಂದಾಗ ನನಗೆ ಮೊದಲು ನೆನಪಾದದ್ದು ಆ ಸೊಪ್ಪಿನ ಗುಡ್ಡೆಗಳೇ. ಕಣ್ಣೂ ಹೋದರೆ ಹಜಾರದ ಆ ಗೋಡೆಗೆ ಒರಗಿ ಕೂರಲು ನನಗೆ ಯಾವ ನೆಪ ಉಳಿಯುತ್ತದೆ?

ಹುಣಸೂರಿನ ಕಣ್ಣಿನ ಡಾಕ್ಟರು ಸಣ್ಣ ಪ್ರಾಯದ ಹೆಣ್ಣುಮಗಳು. ಪಾಪೆ ಹಿಗ್ಗಲೆಂದು ಔಷಧಿಯ ಹನಿ ಬಿಟ್ಟು, ಕೂರಿಸಿ, ಕೊನೆಗೆ ಕಣ್ಣೊಳಗಿನ ಪರದೆಯ ಫೋಟೋ ತೆಗೆದರು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಾಗ, ಮಂಜುಗಣ್ಣಲ್ಲೂ ಅದು ನನಗೆ ಗುರುತು ಸಿಕ್ಕಿತು. ಥೇಟ್ ನನ್ನ ತವರು ಕೆ.ಆರ್. ನಗರದ ಕಡೆಯ ನಾಲೆ ಬಯಲು. ಒಂದು ತೂಬಿನಿಂದ ಹೊರಟ ದೊಡ್ಡ ನಾಲೆ, ಅದರಿಂದ ಕವಲೊಡೆದ ಕಾಲುವೆಗಳು, ಗದ್ದೆಯ ನೀರನ್ನು ವಾಪಸು ಒಯ್ಯುವ ಬಸಿಗಾಲುವೆಗಳು, ಎಲ್ಲ ಆ ಕಿತ್ತಳೆ ಬಣ್ಣದ ವೃತ್ತದಲ್ಲಿದ್ದವು. ಚರ್ಮ ಕೊಯ್ಯದೆ ರಕ್ತನಾಳಗಳನ್ನು ಹೀಗೆ ಬಿಚ್ಚಿ ನೋಡಲು ಸಾಧ್ಯವಿರುವುದು ಮೈಯಲ್ಲಿ ಇದೊಂದೇ ಜಾಗದಲ್ಲಂತೆ. ಇಷ್ಟು ವರ್ಷ ನಾನು ಕಣ್ಣಿರುವುದು ಹೊರಗೆ ನೋಡಲಿಕ್ಕೆ ಎಂದುಕೊಂಡಿದ್ದೆ. ಹೊರಗಿನವರು ಒಳಗೆ ನೋಡಬಹುದೆಂದು ಹೊಳೆದಿರಲಿಲ್ಲ.

"ಮಾತ್ರೆಯಿಂದ ಏನೂ ತೊಂದರೆ ಆಗಿಲ್ಲ, ಹೆದರಬೇಡಿ" ಎಂದರು ಡಾಕ್ಟರಮ್ಮ. ಆಮೇಲೆ ಬಸಿಗಾಲುವೆಯೊಂದರ ಮೇಲೆ ಪೆನ್ನಿಟ್ಟು, "ಈ ನಾಳಗಳು ಮಾತ್ರ ಸ್ವಲ್ಪ ಅಗಲವಾಗಿವೆ. ಕೀಲಿನ ಬಾವು ಜೋರಾಗಿರುವ ಕೆಲವರಲ್ಲಿ ಹೀಗೆ ಕಾಣುತ್ತೆ. ಇದೊಂದನ್ನೇ ನೋಡಿ ಹೇಳೋಕಾಗಲ್ಲ, ರಕ್ತಪರೀಕ್ಷೆ ಬೇಕು. ನೋವು ಹೇಗಿದೆ?" ಎಂದರು.

"ಬಹಳ ವಾಸಿ" ಎಂದೆ, ರೂಢಿಯಂತೆ.

ಜೊತೆಗೆ ಬಂದಿದ್ದ ಜಯಮ್ಮ ನನ್ನ ಮುಖ ನೋಡಿದಳು.

ಕಣ್ಣು ಉಳಿದ ಸಂತೋಷಕ್ಕೆ ಮನೆಗೆ ಬಂದವಳೇ ಹಜಾರದಲ್ಲಿ ಕುಳಿತುಬಿಟ್ಟೆ. ಇವತ್ತು ಓದಬೇಡಿ, ಬರೆಯಬೇಡಿ ಎಂದಿದ್ದರೇ ಹೊರತು ಸೊಪ್ಪಿನ ಮಾತು ಯಾರೂ ಆಡಿರಲಿಲ್ಲ. ಜಯಮ್ಮ ಎಮ್ಮೆಗೆ ಹುಲ್ಲು ಹಾಕಲು ಹೋಗಿದ್ದಳು. ನೋಯುವ ಕೈಯಲ್ಲೇ ಎಲೆ ಎತ್ತಿ ಎತ್ತಿ ಹಾಕಿದೆ. ಆಹಾ, ಈ ಸಲದ ಬೆಳೆಯೇ ಬೆಳೆ! ಎಲ್ಲವೂ ಹೊಳೆಯುವ ನಿಂಬೆ ಬಣ್ಣ. ಜಯಮ್ಮ ಬಂದು ಗುಡ್ಡೆ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಅಯ್ಯೋ, ಇದೇನಕ್ಕಾ! ಕರಿ ಸೊಪ್ಪೂ ಬ್ರೈಟ್‌ಗೇ ಆಕಿದ್ದೀರಲ್ಲಾ!"

ಹಿಗ್ಗಿದ ಪಾಪೆಯೊಳಗೆ ಬೆಳಕು ನುಗ್ಗಿ ಎಲ್ಲವನ್ನೂ ಬೆಳ್ಳಗೆ ಮಾಡಿತ್ತು. ಇಬ್ಬರೂ ನಕ್ಕೆವು. ನಗುತ್ತಲೇ ಗುಡ್ಡೆ ಕೆದರಿ ಮತ್ತೆ ವಿಂಗಡಿಸತೊಡಗಿದ ಜಯಮ್ಮ, ತಲೆಯೆತ್ತದೆ ಹೇಳಿದಳು: "ಡಾಕ್ಟ್ರ ಮುಂದೂವೆ ನೀವು ಇಂಗೇ ಮಾಡೋದು ಕಣಕ್ಕ. ನಿಮ್ ನೋವ್ನೆಲ್ಲಾ ಬ್ರೈಟ್‌ಗೇ ಆಕ್ಬುಡ್ತೀರಿ. ದಿನಾ ನಿಮ್ ಜಡೆ ಎಣೆಯೋಳು ನಾನು, ನಂಗೊತ್ತಿಲ್ವಾ?"

ನನ್ನ ನಗು ನಿಂತಿತು. ಕೋಪವೂ ಬಂತು, ಸುಳ್ಳೇಕೆ. ಆದರೆ ಕಣ್ಣಿನ ಪರದೆ ಒಂದು ಕಡೆ ಚಾಡಿ ಹೇಳಿದೆ, ಓರಗಿತ್ತಿ ಇನ್ನೊಂದು ಕಡೆ. ಯಾರ ಬಾಯಿ ಮುಚ್ಚಿಸಲಿ?

ಮುಂದಿನ ಸಲ ಮೈಸೂರಿಗೆ ಆ ಫೋಟೋ ಮತ್ತು ಜಯಮ್ಮ, ಇಬ್ಬರು ಸಾಕ್ಷಿಗಳೊಂದಿಗೆ ಹೋದೆ. ಡಾಕ್ಟರು ಫೋಟೋ ನೋಡಿದರು, ರಕ್ತಪರೀಕ್ಷೆಯ ವರದಿ ನೋಡಿದರು, ಹುಬ್ಬು ಗಂಟಿಕ್ಕಿದರು. "ಹೇಗಿದ್ದೀರಿ?" ಎಂದರು. ನಾಲಿಗೆ ತುದಿಯಲ್ಲಿ 'ಬಹಳ ವಾಸಿ' ಸಿದ್ಧವಾಗಿತ್ತು. ಜಯಮ್ಮ ಸೆರಗು ಸರಿಮಾಡಿಕೊಂಡಳು.

"ಲೋ ಗ್ರೇಡ್ ಸಾರ್" ಎಂದುಬಿಟ್ಟೆ.

ಅವರಿಗೆ ಅರ್ಥವಾಗಲಿಲ್ಲ. ಜಯಮ್ಮ ಹೊಗೆಸೊಪ್ಪಿನಿಂದ ಶುರುಮಾಡಿ ಬಿಡಿಸಿ ಹೇಳಿದಳು. ಅದರ ಹಿಂದೆಯೇ ನಾನೂ ಹೇಳತೊಡಗಿದೆ: ಬೆಳಗಿನ ಬೆರಳು, ಪೇಸ್ಟಿನ ಮುಚ್ಚಳ, ಇಳಿಯಲಾಗದ ಬಸ್ಸಿನ ಮೆಟ್ಟಿಲು. ಹೇಳುತ್ತಾ ಹೇಳುತ್ತಾ ಅಳು ಬಂತು. ನೋವಿಗಲ್ಲ, ಅದನ್ನು ಬಚ್ಚಿಟ್ಟುಕೊಂಡು ಎಷ್ಟು ದಣಿದಿದ್ದೆ ಎಂದು ಆಗಷ್ಟೇ ತಿಳಿದದ್ದಕ್ಕೆ.

"ಇದನ್ನ ಮೊದಲೇ ಹೇಳಿದ್ದರೆ ಆಗಲೇ ಔಷಧಿ ಬದಲಾಯಿಸ್ತಿದ್ದೆನಲ್ಲಮ್ಮ. ಯಾಕೆ ಹೇಳಲಿಲ್ಲ?"

"ನಿಮ್ಮ ಕೈಗುಣಕ್ಕೆ ಕೆಟ್ಟ ಹೆಸರು ಬರುತ್ತೆ ಅಂತ ಸಾರ್."

ದೊಡ್ಡ ಡಾಕ್ಟರು ಪೆನ್ನು ಕೆಳಗಿಟ್ಟು, ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಮೇಜಿನ ಮೇಲೆ ಊದಿಕೊಂಡು ಬಿದ್ದಿದ್ದ ನನ್ನ ಬೆರಳುಗಳನ್ನು ಮೆಲ್ಲಗೆ ಅದರಲ್ಲಿ ಎತ್ತಿಕೊಂಡು, ಒಂದೊಂದೇ ಗಿಣ್ಣು ಒತ್ತುತ್ತಾ ಕೇಳಿದರು:

"ಈಗ ಹೇಳಿ. ಇದು ಯಾವ ಗುಡ್ಡೆಗೆ?"