ಗುಂಡುಕಲ್ಲಿಗೆ ಕುತ್ತಿಗೆ ಇಲ್ಲ

ಮೊದಲ ಬಾಣಂತನಕ್ಕೆ ತಂಬೂರಿನ ತವರಿಗೆ ಬಂದಾಗ ನನಗೆ ಮಗಳು ಹುಟ್ಟಿದಳು. ಹುಟ್ಟಿದ್ದು ನನಗೆ, ಒಲಿದದ್ದು ವೈನಿಗೆ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಮದುವೆಯಾಗಿ ಏಳು ವರ್ಷವಾದರೂ ಆಕೆಗೆ ಮಕ್ಕಳಾಗಿರಲಿಲ್ಲ. ಆದರೂ ಕೂಸು ಎತ್ತುವ ಕೈ ಅಂದರೆ ಆಕೆಯದೇ ಎಂದು ಓಣಿಯವರೆಲ್ಲ ಹೊಗಳುತ್ತಿದ್ದರು. ಕೇಳಿದಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಕೈಯೇನೋ ನಿಜವಾಗಿ ಚೆನ್ನಾಗಿತ್ತು. ಅದೇ ನನ್ನ ಸಂಕಟ. ಎತ್ತುವ ಮೊದಲು ತಾನೇ ಕೂಸಿನ ಮೇಲೆ ಬಾಗುತ್ತಿದ್ದಳು. ಒಂದು ಅಂಗೈ ಕುತ್ತಿಗೆ, ತಲೆಯ ಕೆಳಗೆ. ಇನ್ನೊಂದು ಕುಂಡಿಯ ಕೆಳಗೆ. ಎದೆಗೆ ಅವುಚಿಕೊಂಡೇ ಮೇಲೇಳುತ್ತಿದ್ದಳು. ಅಳು ಅಷ್ಟಕ್ಕೇ ನಿಲ್ಲುತ್ತಿತ್ತು. ಎಣ್ಣೆ ಹಚ್ಚಿ ನೀರೆರೆಯುವಾಗ ಕಾಲು ಚಾಚಿ ಕುಳಿತು ಅದರ ಮೇಲೆ ಮಲಗಿಸಿಕೊಂಡರೆ, ಜಾರುವ ಮಾತೇ ಇರಲಿಲ್ಲ. ನನಗೋ, ಹಾಲಿನ ಹೊತ್ತಿಗೆ ಮಾತ್ರ ಕೊಡುತ್ತಿದ್ದರು. ತಲೆಗೆ ಅರಿವೆ ಕಟ್ಟಿಕೊಂಡು ಹೊರಸಿನ ಮೇಲೆ ಬಿದ್ದಿದ್ದ ನಾನು ಹಿಂಡುವ ಎಮ್ಮೆಗಿಂತ ಕಡೆಯಾಗಿದ್ದೆ. ಎತ್ತಿಕೊಳ್ಳಲು ಹೋದರೆ ಅವ್ವ, "ನಿನಗ ಬರೂದಿಲ್ಲ, ಬಿಡು. ನಿಮ್ಮ ವೈನಿ ಎತ್ಗೊಳ್ಳಲಿ" ಅನ್ನುತ್ತಿದ್ದಳು.

ನಾನೂ ಹಟಕ್ಕೆ ಬಿದ್ದೆ. ಮೊಬೈಲಿನಲ್ಲಿ ಕೂಸು ಹಿಡಿಯುವ ವಿಡಿಯೋ ನೋಡಿದೆ. ಅದರಲ್ಲಿ ಗೊಂಬೆ ಇಟ್ಟುಕೊಂಡು ತೋರಿಸುತ್ತಿದ್ದರು. ನಮ್ಮ ಮನೆಯಲ್ಲಿ ಗೊಂಬೆ ಎಲ್ಲಿಂದ ಬರಬೇಕು? ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ನಮ್ಮ ಕಡೆ ಅವತ್ತು ಕೂಸಿಗಿಂತ ಮೊದಲು ಚಟ್ನಿ ಅರೆಯುವ ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ, ಇಬ್ಬರು ಹೆಂಗಸರು ತೊಟ್ಟಿಲಿನ ಆಚೆ ಈಚೆ ನಿಂತು, ಕೆಳಗಿನಿಂದ ಕೊಟ್ಟು ಮೇಲಿನಿಂದ ತೆಗೆದುಕೊಳ್ಳುತ್ತಾರೆ. ಆಮೇಲೆ ಕೂಸಿನ ಸರದಿ. ಅವ್ವ ತೊಳೆದಿಟ್ಟಿದ್ದ ಆ ಕಲ್ಲನ್ನೇ, ಮಧ್ಯಾಹ್ನ ಎಲ್ಲರೂ ಅಡ್ಡಾದಾಗ, ಎತ್ತಿ ಇಳಿಸಿ ಕಲಿತೆ. ನಡುವಿಗೆ ಎರಡೂ ಕೈ ಹಾಕಿದರೆ ಎಷ್ಟು ಸಲೀಸು!

ಆ ದಿನ ಕಲಘಟಗಿಯ ಬಣ್ಣದ ತೊಟ್ಟಿಲ ಸುತ್ತ ಹೆಂಗಸರು ತುಂಬಿದ್ದರು. ಕಲ್ಲಿನ ಸರದಿ ಮುಗಿಯಿತು. ಅವ್ವ ಕೂಸನ್ನು ವೈನಿಯ ಕೈಗೆ ಕೊಡಲು ಹೋದಳು. ನನಗೆ ಎಲ್ಲಿತ್ತೋ ಸಿಟ್ಟು.

"ಹಡದಾಕಿ ನಾ ಇಲ್ಲೇ ಇದ್ದೀನಿ. ಹಡೀಲಾರದಾಕಿ ಯಾಕ ಬೇ ತೊಟ್ಟಲದ ಹತ್ರ?" ಅಂದುಬಿಟ್ಟೆ.

ಓಣಿಯ ಒಬ್ಬ ಮುದುಕಿ ಹೌದಲ್ಲ ಎನ್ನುವಂತೆ ತಲೆ ಆಡಿಸಿದಳು. ವೈನಿ ಒಂದು ಹೆಜ್ಜೆ ಹಿಂದೆ ಸರಿದಳು. ಗೆದ್ದೆ ಅಂದುಕೊಂಡು ನಾನು ಅವ್ವನ ಕೈಯಲ್ಲಿದ್ದ ಕೂಸಿನ ನಡುವಿಗೆ ಎರಡೂ ಕೈ ಹಾಕಿ, ಕಲ್ಲಿಗೆ ಮಾಡಿದಂತೆಯೇ, ತೊಟ್ಟಿಲ ಕೆಳಗೆ ಚಾಚಿದೆ. ಕಲ್ಲಿಗೆ ಕುತ್ತಿಗೆ ಇರುವುದಿಲ್ಲ. ಕೂಸಿನ ತಲೆ ಗಕ್ಕನೆ ಹಿಂದಕ್ಕೆ ಜೋತುಬಿತ್ತು. ನಾನು ಚೀರುವಷ್ಟರಲ್ಲಿ ವೈನಿಯ ಅಂಗೈ ಅದರ ಕೆಳಗಿತ್ತು.

"ಅಂಜಬ್ಯಾಡ," ಅಂದಳು ಮೆಲ್ಲಗೆ. "ನಿನ್ನ ಕೈ ಇಲ್ಲಿಡು. ಕೈ ಬೆರಳು ಅಗಲ ಮಾಡು. ಆ ಕಡೆ ನಿಂತಾಕಿ ಕೈ ತಲಿ ಕೆಳಗ ಬರೂತನಕ ನಿಂದು ತಗೀಬ್ಯಾಡ, ತಂಗಿ." ನನ್ನ ಕೈಯನ್ನು ಕುತ್ತಿಗೆಯ ಕೆಳಗೆ ಕೂರಿಸಿ, ಆಮೇಲೆ ತನ್ನದನ್ನು ತೆಗೆದಳು.

ಕೂಸಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಆಗಲೂ ಉರಿಯೇ. ಎಲ್ಲರೆದುರು ಆಕೆಯಿಂದಲೇ ಕಲಿಯಬೇಕಾಯಿತಲ್ಲ ಎಂದು ಅವತ್ತು ಊಟವೂ ಸೇರಲಿಲ್ಲ.

ಆ ದಿನದಿಂದ ವೈನಿ ಕೂಸನ್ನು ಎತ್ತಲಿಲ್ಲ. ಎರೆಯುವ ಕೆಲಸ ಅವ್ವನ ಪಾಲಿಗೆ ಹೋಯಿತು. ಕೂಸು ಅತ್ತರೆ ಬಾಗಿಲಲ್ಲೇ ನಿಂತು, "ಕೂಸು ಎದ್ದೈತಿ ನೋಡು, ತಂಗಿ" ಎಂದು ಕರೆಯುವಳು. ದನಿಯಲ್ಲಿ ಮುನಿಸು ಇರುತ್ತಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತ್ತು. ಮಗಳು ದಿನವಿಡೀ ನನ್ನ ಕೈಯಲ್ಲಿದ್ದಳು. ನನಗೂ ಕೈ ಕುದುರಿತು.

ಐದನೆಯ ತಿಂಗಳಲ್ಲಿ ಸಂಶಿಗೆ, ಗಂಡನ ಮನೆಗೆ ಹೊರಡುವ ಬೆಳಿಗ್ಗೆ, ತಡೆಯಲಾಗದೆ ಅಡಿಗೆಮನೆಗೆ ಹೋಗಿ ಮಗಳನ್ನು ಆಕೆಯತ್ತ ಚಾಚಿದೆ.

"ಒಮ್ಮೆ ಎತ್ಗೋರಿ, ವೈನಿ."

"ಕೈಯೆಲ್ಲಾ ಹಿಟ್ಟಾಗೈತಿ, ತಂಗಿ," ಅಂದಳು ನಗುತ್ತಲೇ.

ರೊಟ್ಟಿ ಬಡಿದು ಮುಗಿದು ಆಗಲೇ ಬಹಳ ಹೊತ್ತಾಗಿತ್ತು. ತೊಳೆದ ಕೈಗಳೆರಡನ್ನೂ ಆಕೆ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.