ಕಾರು ಮಾರಿದ ದಿನದ ಬಂಗಡೆ

ಚೆಕ್ಕು ವಾಪಸಾಗಬಹುದಿತ್ತು. ನೋಟಿನ ಕಟ್ಟಿನ ನಡುವೆ ಬರೀ ಕಾಗದವಿರಬಹುದಿತ್ತು. ಓಡಿಸಿ ನೋಡುತ್ತೇನೆಂದವನು ಕಾರಿನೊಂದಿಗೆ ಗೋವೆಯ ಗಡಿಯನ್ನೇ ದಾಟಬಹುದಿತ್ತು. ಆ ಹಳೆಯ ಕಾರಿನ ಹಣದಲ್ಲೇ ಮಗಳ ಕಾಲೇಜಿನ ಫೀಸು ಕಟ್ಟಬೇಕಿದ್ದ ನನಗೆ ವಾರದಿಂದ ನಿದ್ದೆಯಿರಲಿಲ್ಲ.

ಕೊಳ್ಳುವವನು ಬೆಳಂಬಾರದ ರೈತ. ಚೆಕ್ಕು ಚಾಚಿ, "ನಂಬ್ಕೆ ಇಲ್ವಾ ಮಾಸ್ತರ್ರೇ?" ಎಂದು ನನ್ನನ್ನೇ ದಬಾಯಿಸಿದ. ಎಂಥ ಸೊಕ್ಕು! ಅದೇ ಕಾರಿನಲ್ಲಿ ಅಂಕೋಲೆಯ ಅವನ ಬ್ಯಾಂಕಿಗೇ ಹೊರಡಿಸಿದೆ. ಡ್ರಾಫ್ಟು ನನ್ನ ಕಣ್ಣೆದುರೇ ತಯಾರಾಯಿತು. ಹೆಸರು, ಮೊತ್ತ, ಸೀಲು ನೋಡಿ, ಮ್ಯಾನೇಜರರ ಬಾಯಿಂದಲೂ 'ಸರಿಯಿದೆ' ಎನ್ನಿಸಿದ ಮೇಲೆಯೇ ಕೀಲಿ ಕೊಟ್ಟೆ. ಡ್ರಾಫ್ಟನ್ನು ಬನಿಯನ್ನಿನೊಳಗಿಟ್ಟು, ಎದೆ ಒತ್ತಿಕೊಂಡೇ ಬಸ್ಸಿನಲ್ಲಿ ಕಾರವಾರಕ್ಕೆ ಮರಳಿದೆ.

ಬಾಗಿಲಲ್ಲೇ ಡ್ರಾಫ್ಟಿನ ಕಥೆ ಶುರುಮಾಡಿದೆ. ಹೆಂಡತಿ ಕೇಳಿದಳು: "ಅದೆಲ್ಲ ಇರ್ಲಿ, ಬರ್ತಾ ಬಂಗಡೆ ತನ್ನಿ ಅಂದಿದ್ನಲ್ಲ, ಎಲ್ಲಿ?"

ಬ್ಯಾಂಕಿಗೆ ಹೋಗುವ ಮೊದಲೇ ಅಂಕೋಲೆ ಪೇಟೆಯಲ್ಲಿ ಮೀನು ಕೊಂಡಿದ್ದೆ. ಬೆಕ್ಕು ಎಳೆದೀತೆಂದು ಕಾರಿನ ಡಿಕ್ಕಿಯಲ್ಲಿಟ್ಟು ಬೀಗವನ್ನೂ ಹಾಕಿದ್ದೆ!

ರಾತ್ರಿ ಪಕ್ಕದ ಮನೆಗೆ ಆ ರೈತನ ಫೋನು ಬಂತು. ಮೀನು ಮರಳಿಸುವ ಮಾತಿರಬಹುದೆಂದು ಓಡಿದೆ. ರಿಸೀವರು ಕಿವಿಗಿಟ್ಟೆ.

"ಗಾಡಿ ಸಂಗ್ತಿಗೆ ಮೀನೂ ಕೊಟ್ರಲ್ಲ ಮಾಸ್ತರ್ರೇ, ದೊಡ್ಡ ಮನಸ್ಸು ನಿಮ್ದು! ಸಾರು ಭಾರೀ ಚೊಲೋ ಆಗಿತ್ತು."