ಯಾರ ಪಾಳಿಗೂ ಸೇರದ ತಿಂಗಳು

ಮೊನ್ನೆ ಬಳ್ಳಾರಿ ದಾಟುವಾಗ ಮಗ ಚಹಾ ಕುಡಿಯಲು ಕಾರು ನಿಲ್ಲಿಸಿದ. ಪಕ್ಕದ ಗಾಡಿಯವನು ಬಾಣಲೆಯಿಂದ ಬಿಸಿ ಮಿರ್ಚಿ ಎತ್ತಿ ಮಂಡಕ್ಕಿ ಒಗ್ಗರಣೆಯ ಮೇಲಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಪ್ಪತ್ತರ ದಶಕದ ಆ ಪಡಸಾಲೆಗೆ ಹೋಗಿ ಕೂತೆ... ವಕೀಲರ ಮನೆಯ ಪಡಸಾಲೆ.

ಜಗಳ ಹಚ್ಚಿ ಹೊಟ್ಟೆ ಹೊರೆಯುವ ವಕೀಲರನ್ನು ಬೇಕಾದಷ್ಟು ಕಂಡಿದ್ದೇನೆ. ಜಗಳ ಬಿಡಿಸಿರಿ ಎಂದು ಕೋರ್ಟೇ ಜನರನ್ನು ಕಳಿಸಿಕೊಡುತ್ತಿದ್ದ ವಕೀಲರು ಅವರೊಬ್ಬರೇ.

ನಮ್ಮದು ಅವ್ವನ ಜಗಳ. ಅಪ್ಪ ತೀರಿದ ಮೇಲೆ ಅಣ್ಣಂದಿರಿಬ್ಬರೂ ಅವಳನ್ನು ಪಾಳಿಗೆ ಹಾಕಿಕೊಂಡಿದ್ದರು. ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಸಿರುಗುಪ್ಪದ ದೊಡ್ಡಣ್ಣನ ಮನೆ, ಆಮೇಲೆ ಕುರುಗೋಡಿನ ಸಣ್ಣಣ್ಣನ ಮನೆ. ಗಂಟು ಕಟ್ಟುವುದು, ಬಸ್ಸು ಹತ್ತುವುದು, ಗಂಟು ಬಿಚ್ಚುವುದು. ಹೇಗೋ ನಡೆದಿತ್ತು. ಆ ವರ್ಷದ ಪಂಚಾಂಗದಲ್ಲಿ ಅಧಿಕ ಮಾಸ ಬಂತು ನೋಡಿ, ಯುಗಾದಿಗೇ ಕಿತ್ತಾಟ ಶುರುವಾಯಿತು. ಆರಾರು ತಿಂಗಳು ಅಂತ ಮಾತಾಗಿದೆ, ಹೆಚ್ಚಿನ ತಿಂಗಳು ನನ್ನದಲ್ಲ ಎಂದು ಇಬ್ಬರೂ ಹಟ ಹಿಡಿದರು. ದೊಡ್ಡಣ್ಣ ಅವ್ವನ ಹೆಬ್ಬೆಟ್ಟು ಒತ್ತಿಸಿ ಸಣ್ಣಣ್ಣನ ಮೇಲೆ ಜೀವನಾಂಶದ ಕೇಸು ಹಾಕಿಸಿದ. ನ್ಯಾಯಾಧೀಶರು, ಮೊದಲು ಕೂತು ಮಾತಾಡಿ ಎಂದು ನಮ್ಮೆಲ್ಲರನ್ನೂ ವಕೀಲರ ಬಳಿಗೆ ಅಟ್ಟಿದರು. ನನ್ನನ್ನು ಕೊಟ್ಟ ಊರು ಕರೂರಿನಿಂದ ನಾನೂ ನನ್ನ ಗಂಡನೂ ಹೋದೆವು. ಮಗಳ ಮಾತು ಯಾರಿಗೆ ಬೇಕು, ಸುಮ್ಮನೆ ಮೂಲೆ ಹಿಡಿದು ಕೂತೆ.

ವಕೀಲರು ಎಲ್ಲರಿಗೂ ಒಗ್ಗರಣೆ-ಮಿರ್ಚಿ ತರಿಸಿದರು. “ಮೊದ್ಲು ತಿನ್ರಿ. ಹಸಿದ ಹೊಟ್ಟ್ಯಾಗ ಯಾರೂ ಸೋಲಾಕ ಒಪ್ಪಂಗಿಲ್ಲ.” ಹಾವು ಮುಂಗುಸಿಯ ಹಾಗಿದ್ದ ಅಣ್ಣಂದಿರು ಎದುರುಬದುರು ಕೂತು ಮಿರ್ಚಿ ಕಚ್ಚುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಕೈ ತೊಳೆದು ಬಂದ ಮೇಲೆ ವಕೀಲರು ಕೇಳಿದರು: “ಈ ಅಧಿಕ ಮಾಸ ಯಾರ ಪಾಳಿ?”

“ಯಾರದೂ ಅಲ್ರಿ,” ಅಂದರು ಇಬ್ಬರೂ. ವರ್ಷದಲ್ಲಿ ಅವರು ಒಪ್ಪಿದ್ದು ಅದೊಂದೇ ಮಾತು.

ವಕೀಲರು ಅವ್ವನ ಕಡೆ ತಿರುಗಿದರು. “ಯಾರದೂ ಅಲ್ಲಂದ್ರ ಅದು ನಿಮ್ದೇ ಆತಲ್ರಿ ಅವ್ವಾರ. ನಿಮ್ಮ ತಿಂಗಳದಾಗ ನೀವು ಎಲ್ಲಿರ್ತೀರಿ, ಹೇಳ್ರಿ.”

ಅಲ್ಲಿಯವರೆಗೆ ಅವ್ವನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವಳು ಸೆರಗಿನ ಅಂಚು ತಿರುವುತ್ತ, ಗಂಡುಮಕ್ಕಳಿಬ್ಬರನ್ನೂ ಬಿಟ್ಟು ನನ್ನ ಮುಖ ನೋಡಿದಳು.

ದೊಡ್ಡಣ್ಣ ಎದ್ದೇಬಿಟ್ಟ. “ಗಂಡುಮಕ್ಕಳು ಇರುವಾಗ ಮಗಳ ಮನ್ಯಾಗ ಕೂಳು ತಿಂತಾಳಂದ್ರ ಮಂದಿ ನಮ್ಮ ಮಾರಿಗೆ ಉಗುಳ್ತಾರ್ರಿ! ನನ್ನ ಮನಿಗೇ ಬರ್ಲಿ.” ಸಣ್ಣಣ್ಣ, ಇಲ್ಲ ನನ್ನ ಮನೆಗೆ, ಅಂದ. ಬೇಡವಾಗಿದ್ದ ತಿಂಗಳಿಗೆ ಈಗ ಕಿತ್ತಾಟ.

ಆಗ ಬಾಯಿ ಬಿಟ್ಟವನು ನನ್ನ ಗಂಡ. ಬೀಗರ ನಡುವೆ ಮಾತಾಡಿದವನೇ ಅಲ್ಲ. “ಅಧಿಕ ಮಾಸದಾಗ ಅಳಿಯಗ ಉಡುಗೊರಿ ಕೊಡೋದು ಪದ್ಧತಿ ಐತಲ್ರಿ. ಈ ಸಲ ನನಗ ಬಟ್ಟಿ-ಬರಿ ಏನೂ ಬ್ಯಾಡ. ಅತ್ತೀನ್ನ ಕೊಟ್ಟುಬಿಡ್ರಿ.”

ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪದ್ಧತಿಯನ್ನೇ ಮುಂದಿಟ್ಟ ಮೇಲೆ ಅಣ್ಣಂದಿರು ಒಪ್ಪಲೇಬೇಕಾಯಿತು.

ಅಧಿಕ ಮಾಸ ಮುಗಿದ ಮೇಲೆ, ಕೋರ್ಟಿಗೆ ತಿಳಿಸುವ ಮುಂಚೆ, ವಕೀಲರು ತಾವೇ ಸಿರುಗುಪ್ಪದ ಬಸ್ಸು ಹಿಡಿದು ಕರೂರಿಗೆ ಬಂದರು. ಅವ್ವ ಗದ್ದೆಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಿದ್ದಳು. “ನಂದು ಅಧಿಕ ಇನ್ನೂ ಮುಗಿದಿಲ್ರಿ,” ಅಂದಳು. ಮುಗಿದದ್ದು ಅವಳು ಕಣ್ಣು ಮುಚ್ಚಿದ ದಿನವೇ, ನನ್ನ ತೊಡೆಯ ಮೇಲೆ. ಅಷ್ಟು ವರ್ಷ ಅಣ್ಣಂದಿರು ಹಬ್ಬಕ್ಕೆ, ಹುಣ್ಣಿಮೆಗೆ ಅವಳನ್ನು ನೋಡಲು ಬರುತ್ತಿದ್ದರು. ಪಾಳಿ ತಪ್ಪಿದ ಮೇಲೇ ಅವರಿಗೆ ಅವ್ವ ನೆನಪಾಗತೊಡಗಿದ್ದು.

ವಕೀಲರು ಹೋಗಿ ಬಹಳ ವರ್ಷವಾಯಿತು. ನನ್ನ ಗಂಡನೂ ಇಲ್ಲ...

ಮೊನ್ನೆ ಚಹಾ ಕುಡಿಯುತ್ತ ಮಗ ಫೋನಿನಲ್ಲಿ ತಮ್ಮನಿಗೆ ಹೇಳುತ್ತಿದ್ದ: “ದಸರಾ ತನಕ ಅವ್ವ ನಿನ್ನ ಹತ್ರ ಇರ್ಲಿ. ಆಮ್ಯಾಲ ನಾ ಕರ್ಕೊಂಡು ಹೋಗ್ತೀನಿ.” ಇಬ್ಬರೂ ಒಳ್ಳೆಯವರು, ಒಂದು ದಿನ ಜಗಳವಾಡಿದವರಲ್ಲ. ನಾನು ಅವನ ಪಕ್ಕದಲ್ಲೇ ಕೂತಿದ್ದೆ.